ಹೊನ್ನೆ ಮರದ ಗುಣ, ಹೊನ್ನೆ ಲೋಟದ ಮಿತಿ



ಇತ್ತೀಚೆಗೆ ಒಕ್ಕೂಟದ ಸಭೆಗಳಲ್ಲಿ ಹೊನ್ನೆ ಮರದ ಮಾತು ಎರಡು ಕಡೆಯಿಂದ ಬರುತ್ತಿದೆ. ಮನೆ ಕಟ್ಟಿಸುತ್ತಿರುವವರು ಸಂಘದಲ್ಲಿ ಸಾಲ ತೆಗೆದು ಬಾಗಿಲು, ಕಿಟಕಿಗೆ ಮರ ಕೊಳ್ಳುವಾಗ "ಹೊನ್ನೆ ಹಾಕಿಸೋದಾ ಸಿಸ್ಟರ್, ಅಕೇಶಿಯಾ ಸಾಕಾ?" ಎಂದು ಕೇಳುತ್ತಾರೆ. ಸಕ್ಕರೆ ಕಾಯಿಲೆ ಇರುವವರು ಜಾತ್ರೆಯಲ್ಲಿ, ಮೇಳದಲ್ಲಿ ಮಾರುವ ಹೊನ್ನೆ ಲೋಟವನ್ನು ತೋರಿಸಿ "ಇದರ ನೀರು ಕುಡಿದ್ರೆ ಮಾತ್ರೆ ಬೇಡ್ವಂತೆ, ಹೌದಾ?" ಎಂದು ಕೇಳುತ್ತಾರೆ.

ಎರಡನೇ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಮಾತ್ರೆ ಬೇಕು. ಲೋಟ ಇದ್ದರೂ ಬೇಕು, ಇಲ್ಲದಿದ್ದರೂ ಬೇಕು. ಯಾಕೆ ಎಂಬುದನ್ನು ಕೆಳಗೆ ವಿವರವಾಗಿ ಬರೆದಿದ್ದೇವೆ. ಓದಲು ಬಾರದ ಸದಸ್ಯೆಯರಿಗೆ ವಾರದ ಸಭೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿ ಹೇಳಿರಿ.

ಯಾವುದು ಹೊನ್ನೆ?

ಹೆಸರಿನಲ್ಲೇ ಸ್ವಲ್ಪ ಗೊಂದಲ ಇದೆ. ಸುರಹೊನ್ನೆ ಬೇರೆ ಮರ, ಹೊಂಗೆ ಬೇರೆ ಮರ. ನಾವು ಇಲ್ಲಿ ಹೇಳುತ್ತಿರುವುದು ತುಳುವಿನಲ್ಲಿ ಬೇಂಗ, ಮಲೆಯಾಳದಲ್ಲಿ ವೇಂಗ, ಹಿಂದಿಯಲ್ಲಿ ಬೀಜಾಸಾಲ್ ಎನ್ನುವ ಮರದ ಬಗ್ಗೆ. ವಿಜ್ಞಾನದ ಹೆಸರು ಟೆರೋಕಾರ್ಪಸ್ ಮಾರ್ಸೂಪಿಯಂ. ಆಯುರ್ವೇದದಲ್ಲಿ ಅಸನ, ಬೀಜಕ, ವಿಜಯಸಾರ ಎನ್ನುತ್ತಾರೆ. ರಕ್ತಚಂದನ ಇದರ ಹತ್ತಿರದ ಸಂಬಂಧಿ. ತೊಗರಿ, ಅಲಸಂದೆ, ಹುರುಳಿ ಎಲ್ಲವೂ ಇದೇ ದೊಡ್ಡ ಕುಟುಂಬದವು ಅಂದರೆ ನಿಮಗೆ ನಗು ಬರಬಹುದು, ಆದರೆ ನಿಜ.

ಮಲೆನಾಡಿನವರಿಗೆ ಗುರುತು ಹೇಳಿಕೊಡಬೇಕಾಗಿಲ್ಲ. ಭದ್ರಾ, ನಾಗರಹೊಳೆ ಕಡೆಯ ಎಲೆ ಉದುರುವ ಕಾಡುಗಳಲ್ಲಿ, ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳ ನೆರಳಿನ ಮರಗಳಲ್ಲಿ ಹೊನ್ನೆ ಇದೆ. ಮಳೆಗಾಲದಲ್ಲಿ ಹಳದಿ ಹೂ ಬಿಟ್ಟಾಗ ಘಮ ಅಂತ ಪರಿಮಳ, ನೆಲವೆಲ್ಲ ಹಳದಿ. ಕಾಯಿ ದುಂಡಗೆ, ಚಪ್ಪಟೆ, ಸುತ್ತ ತೆಳ್ಳನೆಯ ರೆಕ್ಕೆ. ನಡುವೆ ಉಬ್ಬಿದ ಕಡೆ ಬೀಜ ಇರುತ್ತದೆ. ತೊಗಟೆಗೆ ಕತ್ತಿ ತಾಗಿದರೆ ರಕ್ತದಂತಹ ಕೆಂಪು ರಸ ಇಳಿಯುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಬಾಗಿಲಿಗೆ ಹೊನ್ನೆ

ಹಳೆಯ ಮನೆಗಳ ಕಂಬ, ತೊಲೆ, ದಾರಂದ, ಎತ್ತಿನ ಗಾಡಿಯ ಚಕ್ರ, ನೇಗಿಲು, ನೊಗ ಎಲ್ಲದಕ್ಕೂ ಹೊನ್ನೆ ಬಳಸುತ್ತಿದ್ದರು. ಭಾರ ಹೊರುವ, ಪೆಟ್ಟು ತಿನ್ನುವ ಕೆಲಸಕ್ಕೆ ಇದು ಆಗುತ್ತದೆ. ಒಣಗಿದ ಹೊನ್ನೆ ಒಂದು ಘನ ಅಡಿಗೆ ಸುಮಾರು 22-23 ಕಿಲೋ ತೂಗುತ್ತದೆ. ಸಾಗುವಾನಿ ಅದಕ್ಕಿಂತ ಹಗುರ. ಸಾಗುವಾನಿಯಷ್ಟು ಸುಲಭವಾಗಿ ಹತ್ತರಿಗೆ ಬಗ್ಗುವುದಿಲ್ಲ ಎಂದು ಆಚಾರಿಗಳು ಗೊಣಗುತ್ತಾರೆ. ಪೂರ್ತಿ ಒಣಗಿದ ಮೇಲೆ ಕೊಯ್ಯಲು ಕಷ್ಟ. ಆದ್ದರಿಂದ ಹಸಿ ಇರುವಾಗಲೇ ಸಾಮಿಲ್ಲಿನಲ್ಲಿ ಸೈಜಿಗೆ ಕೊಯ್ಯಿಸಿ, ಆಮೇಲೆ ಒಣಗಿಸುವುದು ರೂಢಿ. ನುಣುಪು ಮಾಡಿ ಪಾಲಿಷ್ ಕೊಟ್ಟರೆ ಕಂದು ಬಣ್ಣದ ಮೇಲೆ ಕಪ್ಪು ಗೆರೆ ಎದ್ದು ಬಹಳ ಚೆಂದ ಕಾಣುತ್ತದೆ. ಬೆಲೆ ಸಾಮಾನ್ಯವಾಗಿ ಸಾಗುವಾನಿಗಿಂತ ಕಡಿಮೆ.

ಆದರೆ ಈ ಎಲ್ಲಾ ಗುಣ ಇರುವುದು ಕೆಚ್ಚಿನಲ್ಲಿ, ಅಂದರೆ ಮರದ ಒಳಗಿನ ಬಲಿತ ಭಾಗದಲ್ಲಿ. ತೊಗಟೆಯ ಕೆಳಗಿನ ಬಿಳಿಚಿದ ಭಾಗಕ್ಕೆ ಆ ಶಕ್ತಿ ಇಲ್ಲ. ಅದಕ್ಕೆ ಹುಳ ಬೀಳುತ್ತದೆ. ನಮ್ಮ ಒಬ್ಬ ಸದಸ್ಯೆ ಹೊನ್ನೆ ಎಂದು ಹಣ ಕೊಟ್ಟು ತಂದ ದಾರಂದದ ಒಂದು ಅಂಚಿನುದ್ದಕ್ಕೂ ಬಿಳಿ ಭಾಗ ಇತ್ತು. ಬಣ್ಣ ಬಳಿದಿದ್ದರಿಂದ ಕಾಣಲಿಲ್ಲ. ಎರಡು ವರ್ಷದಲ್ಲಿ ಆ ಅಂಚಿನಿಂದ ಹಿಟ್ಟು ಉದುರಲು ಶುರುವಾಯಿತು. ಮಾರಿದವನನ್ನು ಕೇಳಿದರೆ "ಹೊನ್ನೇನೇ ಅಮ್ಮಾ ಅದು" ಅಂದ. ಅವನು ಹೇಳಿದ್ದು ಸುಳ್ಳೂ ಅಲ್ಲ ನೋಡಿ. ಹೊನ್ನೆಯೇ, ಆದರೆ ಕೆಚ್ಚಲ್ಲ. ಅದಕ್ಕೇ ನಾವು ಹೇಳುವುದು, ಬಣ್ಣ ಬಳಿದ ಮರ ಕೊಳ್ಳಬೇಡಿ. ನಾಲ್ಕೂ ಮೈ, ಎರಡೂ ತುದಿ ನೋಡಿ, ಬಿಳಿ ಅಂಚು ಇದ್ದರೆ ತೆಗೆಸಿ ಅಳತೆ ಹಾಕಿಸಿ.

ಅಳತೆಯ ಲೆಕ್ಕವನ್ನೂ ಕಲಿತುಕೊಳ್ಳಿ. ಗಂಡಸರು ಮಾಡುತ್ತಾರೆ ಬಿಡಿ ಎನ್ನಬೇಡಿ, ಸಾಲ ತೀರಿಸುವುದು ನೀವು. 7 ಅಡಿ ಎತ್ತರ, ಮೂರೂವರೆ ಅಡಿ ಅಗಲದ ಬಾಗಿಲಿಗೆ ಹೊಸ್ತಿಲು ಸೇರಿ ದಾರಂದ ಮಾಡಿಸಬೇಕು ಎಂದುಕೊಳ್ಳಿ. ನಿಲುವು ಎರಡು, ಏಳೇಳು ಅಡಿ, ಒಟ್ಟು 14. ಮೇಲಿನದು ಮೂರೂವರೆ, ಹೊಸ್ತಿಲು ಮೂರೂವರೆ, ಅದು 7. ಎಲ್ಲಾ ಸೇರಿ 21 ಅಡಿ ಉದ್ದ. ಮರದ ಸೈಜು 4 ಇಂಚು, 3 ಇಂಚು ಆದರೆ, 4ನ್ನು 3ರಿಂದ ಗುಣಿಸಿ 12. ಅದನ್ನು 144ರಿಂದ ಭಾಗಿಸಿದರೆ ಹನ್ನೆರಡರಲ್ಲಿ ಒಂದು ಭಾಗ. 21ನ್ನು 12ರಿಂದ ಭಾಗಿಸಿ: ಒಂದೂಮುಕ್ಕಾಲು ಘನ ಅಡಿ. ಕೆತ್ತನೆಗೆ, ಜೋಡಣೆಗೆ ಹೋಗುವ ಚೂರುಪಾರು ಸೇರಿಸಿ ಎರಡು ಘನ ಅಡಿ ಎಂದರೆ ಒಪ್ಪಬಹುದು. ಮೂರು ಎಂದು ಬಿಲ್ಲು ಬರೆದರೆ ಪ್ರಶ್ನೆ ಕೇಳಿ. ಅಂಗಡಿಯಲ್ಲಿ ಇದನ್ನೇ ಸಿ.ಎಫ್.ಟಿ. ಎನ್ನುತ್ತಾರೆ.

ಒಣಗಿಸುವ ವಿಷಯದಲ್ಲಿ ಅವಸರ ಮಾಡಿದವರೇ ಹೆಚ್ಚು ನಷ್ಟ ಪಡುತ್ತಾರೆ. ಹಸಿ ಹೊನ್ನೆಯನ್ನು ಗೋಡೆಗೆ ಕೂರಿಸಿದರೆ ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಬಾಗಿಲು ಸಿಕ್ಕಿಕೊಳ್ಳುತ್ತದೆ. ಕೊಯ್ಯಿಸಿದ ತುಂಡುಗಳನ್ನು ನೆಲದಿಂದ ಒಂದಡಿ ಎತ್ತರಿಸಿ, ಒಂದರ ಮೇಲೊಂದು ತಾಗದಂತೆ ನಡುವೆ ರೀಪು ಚೂರು ಕೊಟ್ಟು, ನೆರಳಲ್ಲಿ ಗಾಳಿಯಾಡುವ ಕಡೆ ಜೋಡಿಸಿಡಿ. ತುದಿಗಳಿಗೆ ಸಗಣಿಯೋ ಹಳೆಯ ಪೇಂಟೋ ಬಳಿದರೆ ಸೀಳುವುದು ಕಡಿಮೆಯಾಗುತ್ತದೆ. ಬಿಸಿಲಿಗೆ ಹಾಕಬೇಡಿ, ಬೇಗ ಒಣಗಲಿ ಎಂದು ಬಿಸಿಲಿಗಿಟ್ಟರೆ ಸೀಳು ಖಂಡಿತ. ಕಿಟಕಿಯ ತುಂಡುಗಳಿಗೂ ಆರು ತಿಂಗಳಾದರೂ ಬೇಕು, ದಪ್ಪ ಮರಕ್ಕೆ ಇನ್ನೂ ಹೆಚ್ಚು. ಆದ್ದರಿಂದ ಮನೆಗೆ ಪಾಯ ತೆಗೆಯುವಾಗಲೇ ಮರದ ಸಾಲಕ್ಕೆ ಅರ್ಜಿ ಕೊಡಿ, ಗೋಡೆ ಎದ್ದ ಮೇಲೆ ಅಲ್ಲ. ಸಂಘದ ಪ್ರತಿನಿಧಿಗಳು ಇದನ್ನು ಗಮನದಲ್ಲಿಟ್ಟು ಸಾಲದ ಸರದಿ ಹಾಕಿರಿ.

ಇನ್ನೊಂದು ಗುಣ ಹೇಳಲೇಬೇಕು. ಹೊನ್ನೆ ಒದ್ದೆಯಾದರೆ ಬಣ್ಣ ಬಿಡುತ್ತದೆ. ಸರಿಯಾಗಿ ಒಣಗದ ದಾರಂದವನ್ನು ಹಸಿ ಸುಣ್ಣದ ಗೋಡೆಗೆ, ಗಾರೆಗೆ ತಾಗಿಸಿ ಕೂರಿಸಿದರೆ ಗೋಡೆಯ ಮೇಲೆ ಹಳದಿ ಕಲೆ ಇಳಿಯುತ್ತದೆ. ಗೋಡೆಗೆ ತಾಗುವ ಮೈಗೆ ಮೊದಲೇ ಡಾಮರು ಬಳಿಸಿ. ಈ ಬಣ್ಣದ ಮಾತು ನೆನಪಿಡಿ, ಲೋಟದ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಹಾಗಾದರೆ ಎಲ್ಲದಕ್ಕೂ ಹೊನ್ನೆಯೇ ಹಾಕಿಸಬೇಕಾ? ನಮ್ಮ ಅಭಿಪ್ರಾಯ, ಬೇಡ. ಮಳೆ ಬಡಿಯುವ ಮುಂಬಾಗಿಲ ದಾರಂದ, ಹೊಸ್ತಿಲು, ಭಾರ ಹೊರುವ ತೊಲೆ, ಇವಕ್ಕೆ ಹಾಕಿಸಿ. ಒಳಗಿನ ಕೋಣೆಯ ಬಾಗಿಲಿಗೆ, ಕಪಾಟಿನ ಹಲಗೆಗೆ ಚೆನ್ನಾಗಿ ಒಣಗಿದ ಅಕೇಶಿಯಾ ಸಾಕು. ಶೋಕಿಗೆ ಸಾಲ ಮಾಡಬೇಡಿ.

ರಶೀದಿ ಇಲ್ಲದ ಮರ

"ಕಾಡಿಂದ ಬಂದಿದೆ, ಅರ್ಧ ರೇಟಿಗೆ ಕೊಡ್ತೀನಿ, ರಾತ್ರಿ ತಂದು ಹಾಕ್ತೀನಿ" ಎನ್ನುವವರು ನಿಮ್ಮ ಊರಿಗೂ ಬಂದಿರಬಹುದು. ಅವರಿಂದ ಕೊಳ್ಳಬೇಡಿ. ಕಳ್ಳ ಮರ ಸಿಕ್ಕಿಬಿದ್ದರೆ ಮರವೂ ಹೋಗುತ್ತದೆ, ಹಣವೂ ಹೋಗುತ್ತದೆ, ಕೇಸು ಮನೆಯವರ ಮೇಲೆ. ಸಂಘದ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ನಿಮ್ಮದೇ ಹಿಡುವಳಿ ಜಮೀನಿನಲ್ಲಿ ಹೊನ್ನೆ ಇದ್ದರೂ ಹೇಳದೆ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ನೀಲಗಿರಿ, ಸಿಲ್ವರ್ ಓಕ್, ರಬ್ಬರ್ ಮುಂತಾದ ಕೆಲವು ಮರಗಳಿಗೆ ವಿನಾಯಿತಿ ಇದೆ, ಹೊನ್ನೆಗೆ ಇಲ್ಲ. ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಪಹಣಿಯ ಜೊತೆ ಅರ್ಜಿ ಕೊಟ್ಟು, ಅನುಮತಿ ಬಂದ ಮೇಲೆ ಕಡಿಯಬೇಕು. ಸಾಗಿಸಲು ಪ್ರತ್ಯೇಕ ಪಾಸು ಬೇಕು. ಓಡಾಟ ಇದೆ, ಗೊತ್ತು. ಇಬ್ಬರು ಮೂವರು ಸೇರಿ ಹೋಗಿ, ಅರ್ಜಿಯ ನಕಲಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಅಂಗಡಿಯಿಂದ ಕೊಳ್ಳುವವರು ಬಿಲ್ಲು ಕೇಳಿ ಪಡೆಯಿರಿ. ಅರಣ್ಯ ಇಲಾಖೆಯ ನಾಟಾ ಡಿಪೋಗಳಲ್ಲಿ ಹರಾಜು ನಡೆಯುತ್ತದೆ, ಅಲ್ಲಿಂದ ತಂದ ಮರಕ್ಕೆ ದಾಖಲೆಯ ಚಿಂತೆ ಇಲ್ಲ.

ಲೋಟದ ನೀರು

ಈಗ ಮುಖ್ಯವಾದ ಮಾತು. ಹೊನ್ನೆ ಕೆಚ್ಚನ್ನು ಕಡೆದು ಮಾಡಿದ ಲೋಟಕ್ಕೆ ರಾತ್ರಿ ನೀರು ಹಾಕಿಟ್ಟರೆ ಬೆಳಿಗ್ಗೆ ಅದು ಕಂದು ಕೆಂಪಾಗಿರುತ್ತದೆ. ಗೋಡೆಗೆ ಕಲೆ ಹಾಕಿದ ಅದೇ ಕೆಚ್ಚಿನ ಬಣ್ಣ ಇದು. ಬಿಸಿಲಲ್ಲಿ ಗಾಜಿನ ಲೋಟಕ್ಕೆ ಸುರಿದು ಕಪ್ಪು ಬಟ್ಟೆ ಹಿಂದೆ ಹಿಡಿದು ನೋಡಿದರೆ ನೀರಿನ ಅಂಚಿನಲ್ಲಿ ನೀಲಿ ಹೊಳಪು ಕಾಣುತ್ತದೆ. ಇದು ಮಾಯೆಯಲ್ಲ, ಮಂತ್ರವಲ್ಲ, ಮರದಲ್ಲಿರುವ ಒಂದು ವಸ್ತು ಬೆಳಕಿಗೆ ಹಾಗೆ ಹೊಳೆಯುತ್ತದೆ ಅಷ್ಟೇ. ಬಣ್ಣ ಹಾಕಿದ ಬೇರೆ ಮರದ ಲೋಟದ ನೀರಿಗೆ ಸಾಮಾನ್ಯವಾಗಿ ಈ ಹೊಳಪು ಬರುವುದಿಲ್ಲ. ಆದರೆ ಹೊಳಪು ಕಂಡರೆ ಮರ ಹೊನ್ನೆ ಇರಬೇಕು ಎಂದಾಯಿತೇ ಹೊರತು, ಕಾಯಿಲೆ ವಾಸಿಯಾಗುತ್ತದೆ ಎಂದಾಗಲಿಲ್ಲ.

ಹೊನ್ನೆಗೂ ಸಕ್ಕರೆ ಕಾಯಿಲೆಗೂ ಸಂಬಂಧವೇ ಇಲ್ಲ ಎಂದು ನಾವು ಹೇಳುವುದಿಲ್ಲ. ವಾಗ್ಭಟರ ಅಷ್ಟಾಂಗಹೃದಯದಲ್ಲಿ ಅಸನಾದಿ ಗಣ ಎಂಬ ಮದ್ದಿನ ಗುಂಪಿಗೆ ಈ ಮರದ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಕಾಲದಲ್ಲೂ ಪರೀಕ್ಷೆ ನಡೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಿಜಯಸಾರದ ಮೇಲೆ ನಡೆಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. 97 ಮಂದಿಯಲ್ಲಿ 67 ಮಂದಿಗೆ 12 ವಾರದಲ್ಲಿ ಸಕ್ಕರೆ ಹತೋಟಿಗೆ ಬಂತು. ಲೋಟ ಮಾರುವವರು ಈ ಅಂಕಿಯನ್ನು ಮಾತ್ರ ಹೇಳುತ್ತಾರೆ. ಉಳಿದದ್ದನ್ನು ನಾವು ಹೇಳುತ್ತೇವೆ, ಕೇಳಿ.

ಆ 97 ಮಂದಿ ಹೊಸದಾಗಿ ಕಾಯಿಲೆ ಪತ್ತೆಯಾದವರು. ಹತ್ತು ವರ್ಷದಿಂದ ಮಾತ್ರೆ ನುಂಗುತ್ತಿರುವವರಲ್ಲ, ಇನ್ಸುಲಿನ್ ಚುಚ್ಚಿಕೊಳ್ಳುವವರೂ ಅಲ್ಲ. ಅವರಿಗೆ ಕೊಟ್ಟದ್ದು ಲೋಟದ ನೀರಲ್ಲ, ಅಳೆದು ತೂಗಿದ ಸಾರ, ದಿನಕ್ಕೆ 2ರಿಂದ 4 ಗ್ರಾಂ, ಅದೂ ವೈದ್ಯರು ರಕ್ತ ಪರೀಕ್ಷೆ ಮಾಡುತ್ತಾ ಬದಲಿಸಿದ ಪ್ರಮಾಣ. ನಾಲ್ವರಿಗೆ ಊಟದ ನಂತರದ ಸಕ್ಕರೆ ವಿಪರೀತ ಏರಿದ್ದರಿಂದ ಅಧ್ಯಯನದಿಂದ ಹೊರಗೆ ತೆಗೆದು ಬೇರೆ ದಾರಿ ನೋಡಬೇಕಾಯಿತು. ಮದ್ದು ತೆಗೆದುಕೊಳ್ಳದ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿದ ಅಧ್ಯಯನವೂ ಇದಲ್ಲ.

ನಿಮ್ಮ ಲೋಟದಲ್ಲಿ ಎಷ್ಟು ಸಾರ ಇಳಿಯುತ್ತದೆ ಎಂದು ಯಾರು ಅಳೆದಿದ್ದಾರೆ? ಹೊಸ ಲೋಟದಲ್ಲಿ ನೀರು ಕಡು ಬಣ್ಣ. ದಿನ ಕಳೆದಂತೆ ತೆಳುವಾಗುತ್ತಾ ಹೋಗುತ್ತದೆ. ಇವತ್ತು ಕುಡಿದಷ್ಟು ಮದ್ದು ಬರುವ ತಿಂಗಳು ಇರುವುದಿಲ್ಲ. ಮಾತ್ರೆಯಾದರೆ 500 ಮಿಲಿಗ್ರಾಂ ಎಂದು ಬರೆದಿದ್ದರೆ ಪ್ರತಿಯೊಂದರಲ್ಲೂ ಅಷ್ಟೇ ಇರುತ್ತದೆ.

ನಮ್ಮ ಒಂದು ಸಂಘದ ಅಕ್ಕ, ಐವತ್ತು ದಾಟಿದವರು, ತೋಟದ ಕೂಲಿ ಕೆಲಸ. ಮಾರುವವನೊಬ್ಬ ಬಂದು "ನಲವತ್ತು ದಿನದಲ್ಲಿ ಮಾತ್ರೆ ಬಿಡಬಹುದು" ಎಂದದ್ದನ್ನು ನಂಬಿ ಲೋಟ ಕೊಂಡರು. ಮಾತ್ರೆ ನಿಲ್ಲಿಸಿದರು. ಮೂರು ತಿಂಗಳು ರಕ್ತ ಪರೀಕ್ಷೆ ಮಾಡಿಸಲಿಲ್ಲ, ಯಾಕೆಂದರೆ ಏನೂ ತೊಂದರೆ ಅನಿಸಲಿಲ್ಲ. ಸಕ್ಕರೆ ಏರಿದರೆ ಎಲ್ಲರಿಗೂ ನೋವು, ಜ್ವರ ಬರುವುದಿಲ್ಲ, ಅದೇ ಅದರ ಮೋಸ. ಕಾಲಿಗೆ ಮುಳ್ಳು ಚುಚ್ಚಿದ್ದು ಗೊತ್ತಾಗಲಿಲ್ಲ, ಗಾಯ ಮಾಗಲಿಲ್ಲ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಹೆಬ್ಬೆರಳು ಕಪ್ಪಾಗಿತ್ತು, ತೆಗೆಯಬೇಕಾಯಿತು. ಸಂಘದ ತುರ್ತು ಸಾಲದಿಂದ ಖರ್ಚು ತೂಗಿಸಿದರು. ಈಗ ಇಳಿಜಾರಿನ ತೋಟದಲ್ಲಿ ಅವರಿಗೆ ಕೆಲಸ ಮಾಡಲು ಆಗುವುದಿಲ್ಲ. ಇದನ್ನು ಬರೆಯಿರಿ ಎಂದು ಅವರೇ ನಮಗೆ ಹೇಳಿದರು, ಹೆಸರು ಮಾತ್ರ ಬೇಡ ಎಂದರು.

ಹಾಗಾದರೆ ಈಗಾಗಲೇ ಲೋಟ ಕೊಂಡವರು ಏನು ಮಾಡಬೇಕು? ಮೊದಲು ನಿಮ್ಮ ಡಾಕ್ಟರರಿಗೆ ಹೇಳಿ. ಮಾತ್ರೆಯ ಜೊತೆ ಇದನ್ನೂ ಕುಡಿದಾಗ ಕೆಲವರಿಗೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗಿಳಿಯುವ ಸಾಧ್ಯತೆ ಇದೆ. ಕೈ ನಡುಕ, ಬೆವರು, ವಿಪರೀತ ಹಸಿವು, ಕಣ್ಣು ಕತ್ತಲೆ ಬಂದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕಲಸಿ ಕುಡಿಯಬೇಕು, ಆಮೇಲೆ ಊಟ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಸಾಗಿಸಿ. ಗರ್ಭಿಣಿಯರು, ಹಾಲುಣಿಸುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಲೋಟದ ಗೊಡವೆಗೆ ಹೋಗಬೇಡಿ. ಲೋಟದ ಒಳಗೆ ಬೂಷ್ಟು ಹಿಡಿದಿದ್ದರೆ ಯಾರೂ ಕುಡಿಯಬೇಡಿ. ಆಯುರ್ವೇದದ ಚಿಕಿತ್ಸೆಯೇ ಬೇಕು ಅನ್ನುವವರು ಓದಿದ ವೈದ್ಯರ ಬಳಿ ಹೋಗಿ, ಸಂತೆಯ ವೈದ್ಯರ ಬಳಿ ಅಲ್ಲ. 30 ವರ್ಷ ದಾಟಿದ ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿ.ಪಿ. ತಪಾಸಣೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ಹೇಳುತ್ತಾರೆ. ಸಂಘದವರು ಒಟ್ಟಿಗೆ ಹೋದರೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ!

ಲೋಟ ಮಾರಾಟವನ್ನೇ ಸಂಘದ ಉದ್ಯೋಗ ಮಾಡಿಕೊಳ್ಳಬಹುದಾ ಎಂದು ಎರಡು ಸಂಘಗಳು ಕೇಳಿವೆ. ಕೆಚ್ಚು ಎಲ್ಲಿಂದ ಬರುತ್ತದೆ, ದಾಖಲೆ ಇದೆಯಾ ಎಂಬುದು ಮೊದಲ ಪ್ರಶ್ನೆ. "ಸಕ್ಕರೆ ಕಾಯಿಲೆ ಗುಣ" ಎಂದು ಚೀಟಿ ಅಂಟಿಸದೆ ಅದು ಮಾರಾಟ ಆಗುತ್ತದಾ ಎಂಬುದು ಎರಡನೆಯದು. ಆ ಚೀಟಿ ಅಂಟಿಸಿದ ಸಾಮಾನಿಗೆ ನಮ್ಮ ಸಂಸ್ಥೆ ಸಾಲಕ್ಕೆ ಶಿಫಾರಸು ಮಾಡುವುದಿಲ್ಲ.

ಕೆಂಪು ಅಂಟು

ತೊಗಟೆಯಿಂದ ಇಳಿಯುವ ರಸ ಒಣಗಿದರೆ ಗಾಜಿನ ಚೂರಿನಂತೆ ಹೊಳೆಯುವ ಕಡುಗೆಂಪು ಅಂಟು. ಮಲಬಾರ್ ಕೈನೊ ಎಂಬ ಹೆಸರಿನಲ್ಲಿ ಹಿಂದೆ ಇದು ವಿದೇಶಕ್ಕೆ ಹೋಗುತ್ತಿತ್ತು. ಬಾಯಿಗೆ ಹಾಕಿದರೆ ಚೊಗರು. ಹಿಂದಿನವರು ಭೇದಿಗೆ, ಹಲ್ಲುನೋವಿಗೆ ಬಳಸುತ್ತಿದ್ದರು. ಈಗ ಮಗುವಿಗೆ ಭೇದಿಯಾದರೆ ಓ.ಆರ್.ಎಸ್. ಕೊಡಿ, ಅಂಟಿಗಾಗಿ ಮರವನ್ನು ಕಚ್ಚು ಹಾಕಬೇಡಿ. ಲೋಟಕ್ಕೆ, ಅಂಟಿಗೆ, ನಾಟಾಕ್ಕೆ ಎಂದು ಎಲ್ಲರೂ ಇದರ ಮೇಲೆ ಬಿದ್ದು ಕಾಡಿನಲ್ಲಿ ದೊಡ್ಡ ಹೊನ್ನೆಗಳು ಕಡಿಮೆಯಾಗಿವೆ. ತೋಟಗಳಲ್ಲಿ ಹೊನ್ನೆಯಂಥ ಕಾಡುಮರಗಳ ಜಾಗಕ್ಕೆ ಸಿಲ್ವರ್ ಓಕ್ ಬಂದಿದೆ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಕಡಿಯಲು ಅನುಮತಿ ಬೇಡ, ರೈತರನ್ನು ದೂರಿ ಫಲವಿಲ್ಲ.

ಬೀಜದಿಂದ ಸಸಿ

ಬಾಗಿಲು, ಲೋಟಕ್ಕಿಂತ ಸಂಘಕ್ಕೆ ಹೊನ್ನೆಯಿಂದ ನೇರವಾಗಿ ಆದಾಯ ಸಿಗುವ ದಾರಿ ಸಸಿ ಮಾಡುವುದು ಎಂದು ನಮಗೆ ಅನಿಸುತ್ತದೆ. ಕಾಯಿ ಡಿಸೆಂಬರಿನಿಂದ ಮಾರ್ಚ್ ಒಳಗೆ ಒಣಗಿ ಕಂದಾಗುತ್ತದೆ. ನಿಮ್ಮ ಅಥವಾ ಪರಿಚಯದವರ ತೋಟದ, ನೇರವಾಗಿ ಬೆಳೆದ ಆರೋಗ್ಯವಂತ ಮರದ ಕೆಳಗೆ ಆರಿಸಿ. ಕಾದಿಟ್ಟ ಕಾಡಿನೊಳಗೆ ಕೇಳದೆ ಹೋಗಬೇಡಿ. ಹುಳ ತಿಂದ ತೂತಿನ ಕಾಯಿ ಬಿಸಾಡಿ. ಸುತ್ತಲಿನ ರೆಕ್ಕೆಯನ್ನು ಕತ್ತರಿಯಿಂದ ಕತ್ತರಿಸಿ, ತಣ್ಣೀರಿನಲ್ಲಿ ಎರಡು ದಿನ ನೆನೆಹಾಕಿ, ನೀರನ್ನು ಒಮ್ಮೆ ಬದಲಿಸಿ. ಮರಳು ಬೆರೆಸಿದ ಮಣ್ಣಿನ ಮಡಿಯಲ್ಲಿ ಬಿತ್ತಿ, ತೆಳ್ಳಗೆ ಮಣ್ಣು ಮುಚ್ಚಿ, ಹುಲ್ಲು ಹಾಸಿ. ಎರಡು ಮೂರು ವಾರದಿಂದ ಮೊಳಕೆ ಕಾಣುತ್ತದೆ. ಹಾಕಿದ್ದೆಲ್ಲಾ ಹುಟ್ಟುವುದಿಲ್ಲ, ಅರ್ಧ ಬಂದರೆ ಚೆನ್ನಾಗಿ ಬಂತು ಎನ್ನಬೇಕು. ಆದ್ದರಿಂದ ಬೇಕಾದ್ದಕ್ಕಿಂತ ಮೂರು ಪಟ್ಟು ಬಿತ್ತಿ. ನಾಲ್ಕು ಎಲೆ ಬಂದ ಮೇಲೆ ಪಾಲಿಥಿನ್ ಚೀಲಕ್ಕೆ ಬದಲಿಸಿ, ಒಂದು ವರ್ಷ ಬೆಳೆಸಿದ ಸಸಿ ನೆಟ್ಟರೆ ಬದುಕುವುದು ಹೆಚ್ಚು.

ನೀರು ನಿಲ್ಲುವ ಗದ್ದೆ ಬದುವಿಗೆ ಹೊನ್ನೆ ಆಗುವುದಿಲ್ಲ. ನೀರು ಬಸಿದು ಹೋಗುವ ಕೆಂಪು ಮಣ್ಣು, ಜಂಬಿಟ್ಟಿಗೆ ನೆಲ ಸರಿ. ದನಗಳಿಗೆ ಇದರ ಎಲೆ ಬಲು ಇಷ್ಟ, ಮೊದಲ ಮೂರು ನಾಲ್ಕು ವರ್ಷ ಮುಳ್ಳಿನ ಬೇಲಿ ಇಲ್ಲದೆ ಉಳಿಯದು. ಮರ ಬೆಳೆದ ಮೇಲೆ ಮೆಣಸಿನ ಬಳ್ಳಿ ಹಬ್ಬಿಸಬಹುದು, ಉದುರಿದ ಎಲೆ ಗೊಬ್ಬರಕ್ಕೆ. ಕೆಚ್ಚು ಬಲಿಯಲು ದಶಕಗಳು ಬೇಕು, ಕಡಿಯುವವರು ನಿಮ್ಮ ಮೊಮ್ಮಕ್ಕಳು.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಲ್ಲಿ ಶುರುವಾಯಿತು. ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ಪಡೆದು ಹೆಸರು ನೋಂದಾಯಿಸಿದ ರೈತರಿಗೆ, ಬದುಕುಳಿದ ಸಸಿಗಳನ್ನು ಎಣಿಸಿ ಮೂರು ವರ್ಷ ಪ್ರೋತ್ಸಾಹಧನ ಕೊಡುವ ಯೋಜನೆ ಇದು. ದರ ಆಗಾಗ ಬದಲಾಗಿದೆ, ಅರ್ಜಿ ಕೊಡುವ ಮೊದಲು ಈ ವರ್ಷದ ದರ ಮತ್ತು ಹೊನ್ನೆ ಸಸಿ ಇದೆಯೇ ಎಂಬುದನ್ನು ವಲಯ ಕಚೇರಿಯಲ್ಲೇ ವಿಚಾರಿಸಿ. ಪಹಣಿ ಗಂಡನ ಹೆಸರಿನಲ್ಲಿದ್ದರೆ ಅವರ ಸಹಿ, ಬ್ಯಾಂಕ್ ಪಾಸ್ ಪುಸ್ತಕದ ನಕಲು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ. ಜೂನ್ ಮಳೆ ಹಿಡಿಯುವ ಮೊದಲು ಗುಂಡಿ ತೆಗೆದು ಬಿಸಿಲಿಗೆ ಬಿಟ್ಟಿರಿ, ಒಂದೂವರೆ ಅಡಿ ಉದ್ದ, ಅಗಲ, ಆಳ ಸಾಕು.